ಮಳೆಯಿಂದ ಮಳೆನೆರಳಿಗೆ: ಮನಾಲಿಯಿಂದ ಹಾನ್ಲೆಗೆ ಎಂಟು ದಿನ

ಮೊದಲ ದಿನ, ಮನಾಲಿ

ಆಗಸ್ಟಿನಲ್ಲಿ ಲಡಾಖಿಗೆ ಹೊರಟಿದ್ದೇವೆ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಮಳೆಗಾಲದಲ್ಲಿ ಯಾಕೆ?" ಅದಕ್ಕೇ ಹೊರಟಿದ್ದು. ಮಳೆ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಕಣ್ಣಾರೆ ನೋಡಬೇಕಿತ್ತು. ವಿಮಾನದಲ್ಲಿ ಹೋಗಿ ಲೇಹ್‌ನಲ್ಲಿ ಇಳಿದರೆ ಅದು ಕಾಣಿಸುವುದಿಲ್ಲ. ರಸ್ತೆ ಹಿಡಿದು ಒಂದೊಂದೇ ಬೆಟ್ಟಸಾಲು ದಾಟಬೇಕು.

ಜೊತೆಗೆ ಅಕ್ಕ ಮತ್ತು ಭಾವ. ಭಾವ ಬಯಲುಸೀಮೆಯ ಬೇಸಾಯಗಾರರು. ಮೋಡ ಕಂಡರೆ ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲಿಸಿ ತಲೆ ಎತ್ತುವ ಪೈಕಿ.

ಮನಾಲಿಯಲ್ಲಿ ಇಡೀ ದಿನ ಮಳೆ. ದೇವದಾರು ಮರಗಳಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು, ಬಿಯಾಸ್ ನದಿ ಕೆಸರು ಬಣ್ಣಕ್ಕೆ ತಿರುಗಿ ಕಲ್ಲುಗಳನ್ನು ಉರುಳಿಸಿಕೊಂಡು ಹೋಗುವ ಸದ್ದು ರೂಮಿನೊಳಗೂ ಕೇಳುತ್ತಿತ್ತು. 2023ರ ಜುಲೈ 9 ಮತ್ತು 10ರಂದು ಇದೇ ನದಿ ಉಕ್ಕಿ ರಸ್ತೆಯನ್ನೇ ತುಂಡು ತುಂಡು ಮಾಡಿತ್ತು. ಆ ಗಾಯಗಳು ದಡದಲ್ಲಿ ಇನ್ನೂ ಇವೆ.

ಇಲ್ಲಿಗೆ ಬರುವ ಮಳೆಮೋಡ ಆಗಲೇ ಒಂದು ಗೋಡೆ ಹತ್ತಿ ಬಂದಿರುತ್ತದೆ. ಅದು ಧೌಲಾಧಾರ್ ಬೆಟ್ಟಸಾಲು. ಅದರ ಬುಡದಲ್ಲಿರುವ ಧರ್ಮಶಾಲಾಕ್ಕೆ ವರ್ಷಕ್ಕೆ ಹತ್ತಿರ ಹತ್ತಿರ 3,000 ಮಿ.ಮೀ. ಮಳೆ. ಅದರ ಹಿಂದಿರುವ ಮನಾಲಿಗೆ ಸಾವಿರ ದಾಟುತ್ತದೆ, ಆದರೆ ಧರ್ಮಶಾಲಾದ ಅರ್ಧ ಮುಟ್ಟುವುದೂ ಕಷ್ಟ. ನಾವು ಹೋಗಬೇಕಿರುವ ಲೇಹ್‌ಗೆ? ಹಿಮವನ್ನೂ ಸೇರಿಸಿ ಸುಮಾರು 100 ಮಿ.ಮೀ.

ಭಾವ ಕಿಟಕಿಯಿಂದ ತಿರುಗದೆಯೇ ಕೇಳಿದರು. "ಈಗ ಹವಾಮಾನ ಬದಲಾಗ್ತಿದೆ ಅಂತಾರಲ್ಲ, ಅಲ್ಲೂ ಮಳೆ ಜಾಸ್ತಿ ಆದ್ರೆ ಅವ್ರಿಗೆ ಒಳ್ಳೇದೇ ಅಲ್ವಾ?" ನಾನು ಹೌದು ಅಂದೆ. ಆಮೇಲೆ ಯಾಕೋ ಅನುಮಾನ ಬಂತು. ಈ ಪ್ರಶ್ನೆ ಎಂಟೂ ದಿನ ನಮ್ಮ ಜೊತೆ ಜೀಪಿನಲ್ಲೇ ಕೂತಿತ್ತು.

ಎರಡನೇ ದಿನ, ಸುರಂಗದ ಆಚೆ

ಬೆಳಿಗ್ಗೆ ವೈಪರ್ ಹಾಕಿಕೊಂಡೇ ಹೊರಟೆವು. ಅಟಲ್ ಸುರಂಗ 9.02 ಕಿ.ಮೀ. ಉದ್ದ, 2020ರ ಅಕ್ಟೋಬರಿನಲ್ಲಿ ತೆರೆದದ್ದು. ಒಳಗೆ ಹೋಗುವಾಗ ಗಾಜಿನ ತುಂಬಾ ಮಳೆ. ಹತ್ತು ಹನ್ನೆರಡು ನಿಮಿಷ ಬಿಟ್ಟು ಹೊರಬಂದಾಗ ಡ್ರೈವರ್ ವೈಪರ್ ಆಫ್ ಮಾಡೋದು ಮರೆತಿದ್ದ, ಒಣಗಿದ ಗಾಜಿನ ಮೇಲೆ ರಬ್ಬರ್ ಕಿರ್ ಕಿರ್ ಅನ್ನತೊಡಗಿತು. ಅಕ್ಕ ಜೋರಾಗಿ ನಕ್ಕಳು.

ನನಗೆ ಅತ್ಯಂತ ಇಷ್ಟವಾದ ವಿಷಯ ಇದು. ಸುರಂಗದ ದಕ್ಷಿಣದ ಬಾಯಿ ಇರುವುದು ಸುಮಾರು 3,060 ಮೀಟರ್ ಎತ್ತರದಲ್ಲಿ. ಉತ್ತರದ ಬಾಯಿ ಸುಮಾರು 3,070 ಮೀಟರ್. ಎತ್ತರ ಒಂದೇ, ಬಿಸಿಲು ಒಂದೇ, ದಿನವೂ ಒಂದೇ. ಆದರೂ ಆ ಕಡೆ ಕಾಡು, ಈ ಕಡೆ ಕಲ್ಲು. ಎತ್ತರಕ್ಕೆ ಹೋದಂತೆ ಮರ ಕಡಿಮೆ ಅಂತ ಶಾಲೆಯಲ್ಲಿ ಓದಿದ್ದು ಇಲ್ಲಿ ಸಾಕಾಗುವುದಿಲ್ಲ. ನಡುವೆ ಇರುವುದು ಪೀರ್ ಪಂಜಾಲ್ ಬೆಟ್ಟಸಾಲು ಮಾತ್ರ. ಸುರಂಗ ಬರುವ ಮೊದಲು ಜನ ದಾಟುತ್ತಿದ್ದ ರೋಹ್ತಾಂಗ್ ಕಣಿವೆದಾರಿ 3,978 ಮೀಟರ್ ಎತ್ತರದಲ್ಲಿದೆ, ಅಂದರೆ ಎರಡೂ ಬಾಯಿಗಳಿಗಿಂತ 900 ಮೀಟರಿನಷ್ಟು ಮೇಲೆ.

ಗಾಳಿಗೆ ಸುರಂಗ ಇಲ್ಲವಲ್ಲ, ಅದು ಮೇಲೆ ಹತ್ತಿಯೇ ದಾಟಬೇಕು. ಹತ್ತುವಾಗ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ತನ್ನ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಮೋಡ ಮಾಡಿ ಮಳೆ ಸುರಿಸುತ್ತದೆ. ಹಾಗೆ ನೀರಾವಿ ಹನಿಯಾಗುವಾಗ ಒಂದಿಷ್ಟು ಶಾಖ ಗಾಳಿಗೇ ವಾಪಸ್ ಸಿಗುತ್ತದೆ. ಹಾಗಾಗಿ ಮೋಡದೊಳಗಿನ ಗಾಳಿ 900 ಮೀಟರ್ ಹತ್ತಿದರೆ 5-6 ಡಿಗ್ರಿ ಮಾತ್ರ ತಣ್ಣಗಾಗುತ್ತದೆ. ಆಚೆ ಇಳಿಯುವಾಗ ಅದರಲ್ಲಿ ಹನಿಗಳಿಲ್ಲ, ಒಣ ಗಾಳಿ. ಅದು ಪ್ರತಿ ಕಿಲೋಮೀಟರಿಗೆ ಹತ್ತಿರ ಹತ್ತಿರ 10 ಡಿಗ್ರಿ ಲೆಕ್ಕದಲ್ಲಿ ಕಾಯುತ್ತದೆ. ಹೊರಟಾಗ ಇದ್ದದ್ದಕ್ಕಿಂತ ಮೂರು ನಾಲ್ಕು ಡಿಗ್ರಿ ಬೆಚ್ಚಗೆ, ಇನ್ನೂ ಒಣಗಿ ಕೆಳಗೆ ಬರುತ್ತದೆ. ಅಂದರೆ ಬೆಟ್ಟ ಮಳೆಯನ್ನು ತಡೆಯುವುದಷ್ಟೇ ಅಲ್ಲ, ಆಚೆ ಕಡೆಯ ನೆಲದಿಂದ ತೇವ ಹೀರುವ ಗಾಳಿಯನ್ನೂ ತಯಾರು ಮಾಡಿ ಕಳಿಸುತ್ತದೆ. ಬೆಟ್ಟದ ಹಿಂದಿನ ಈ ಒಣ ಭಾಗಕ್ಕೇ ಮಳೆನೆರಳು ಅನ್ನುವುದು.

"ಆಗುಂಬೆ ಈ ಕಡೆ, ಚಿತ್ರದುರ್ಗ ಆ ಕಡೆ. ನಮ್ಮದೂ ಇದೇ ಕಥೆ ಬಿಡು" ಅಂದರು ಭಾವ. ಹೌದು, ಕಥೆ ಅದೇ, ಗೋಡೆಯ ಎತ್ತರ ಬೇರೆ. ಗಾಳಿಯಲ್ಲಿರುವ ನೀರಾವಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನೆಲದಿಂದ ಮೊದಲ ಎರಡು ಕಿಲೋಮೀಟರಿನೊಳಗೇ ಇರುತ್ತದೆ. ಸಹ್ಯಾದ್ರಿ ಅದರಲ್ಲಿ ಸ್ವಲ್ಪ ಪಾಲು ಮಾತ್ರ ತಡೆಯುತ್ತದೆ, ಉಳಿದದ್ದು ಮೇಲಿಂದ ದಾಟಿ ಹೋಗುತ್ತದೆ. ಹಿಮಾಲಯದ ಸಾಲುಗಳು ಐದಾರು ಕಿಲೋಮೀಟರ್ ಎತ್ತರ. ಅದರ ಮೇಲೆ ಹಾದು ಹೋಗಲು ತೇವ ಉಳಿದಿರುವುದೇ ಅಷ್ಟಕ್ಕಷ್ಟೆ.

ತಾಂಡಿಯಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಸೇರುವುದನ್ನು ನೋಡಿ ಕೇಲಾಂಗ್ ದಾಟಿ ಜಿಸ್ಪಾದಲ್ಲಿ ಉಳಿದೆವು. ಈ ಲಾಹೌಲ್ ಕಣಿವೆಯ ಹೊಲಗಳೆಲ್ಲ ಮೇಲಿನ ಹಿಮದಿಂದ ಕಾಲುವೆಯಲ್ಲಿ ಬರುವ ನೀರಿನಿಂದಲೇ ಹಸಿರು. ಕಾಲುವೆಯ ಗೆರೆಯ ಕೆಳಗೆ ಬಟಾಣಿ, ಆಲೂಗಡ್ಡೆ. ಗೆರೆಯ ಮೇಲೆ ಬರೀ ಮಣ್ಣು. ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಬಣ್ಣ ತುಂಬಿದ ಹಾಗೆ.

ಮೂರನೇ ದಿನ, ಬಾರಾಲಾಚಾ

ಬೆಳಿಗ್ಗೆ ಐದಕ್ಕೇ ಎಬ್ಬಿಸಿದ ಡ್ರೈವರ್ ಮೇಲೆ ಎಲ್ಲರಿಗೂ ಸಿಟ್ಟು. ಕಾರಣ ದಾರಿಯಲ್ಲಿ ಗೊತ್ತಾಯಿತು. ಹಿಮ ಕರಗಿ ಬರುವ ಹಳ್ಳಗಳು ರಸ್ತೆಯ ಮೇಲೇ ಹರಿಯುತ್ತವೆ, ಬೆಳಿಗ್ಗೆ ಮೊಣಕಾಲಿನ ಕೆಳಗೆ, ಬಿಸಿಲೇರಿದ ಮೇಲೆ ಮಧ್ಯಾಹ್ನ ಜೀಪೇ ತೇಲುವಷ್ಟು. ಆಕಾಶದಲ್ಲಿ ಒಂದು ಮೋಡ ಇಲ್ಲದ ದಿನವೂ ಹಳ್ಳ ಬರುತ್ತದೆ! ಇಲ್ಲಿ ನೀರು ಬರುವುದು ಮೋಡ ನೋಡಿ ಅಲ್ಲ, ಬಿಸಿಲು ನೋಡಿ. ಭಾವ ಇದನ್ನು ಕೇಳಿ ತುಂಬಾ ಹೊತ್ತು ಸುಮ್ಮನಿದ್ದರು.

ಬಾರಾಲಾಚಾ 4,890 ಮೀಟರ್. ಅಕ್ಕ ಮನಾಲಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬಿತ್ತು. ಲಡಾಖಿಗೆ ಹೋದವರೆಲ್ಲ ಇದರ ಫೋಟೋ ತೆಗೆಯುತ್ತಾರೆ, ನಾವೂ ತೆಗೆದೆವು. ಆದರೆ ನಿನ್ನೆ ನಾನು ಬಾಯಲ್ಲಿ ಹೇಳಿದ್ದನ್ನು ಈ ಪೊಟ್ಟಣ ತೋರಿಸುತ್ತಿತ್ತು. ಮೇಲೆ ಬಂದಂತೆ ಹೊರಗಿನ ಒತ್ತಡ ಕಡಿಮೆ, ಒಳಗಿನ ಗಾಳಿ ಹಿಗ್ಗುತ್ತದೆ. ಪೊಟ್ಟಣ ಇಲ್ಲದ ಗಾಳಿಯೂ ಹೀಗೇ ಹಿಗ್ಗುತ್ತದೆ. ಹಿಗ್ಗುವ ಕೆಲಸಕ್ಕೆ ತನ್ನದೇ ಶಾಖ ಖರ್ಚು ಮಾಡುತ್ತದೆ, ಅದಕ್ಕೇ ತಣ್ಣಗಾಗುವುದು.

ಬಾರಾಲಾಚಾ ದಾಟಿದರೆ ಹಿಮಾಲಯದ ದೊಡ್ಡ ಸಾಲು ದಾಟಿದ ಹಾಗೆ. ಇಲ್ಲಿಂದ ಮುಂದೆ ಹಸಿರು ಅನ್ನುವ ಬಣ್ಣವೇ ಅಪರೂಪ. ಸಂಜೆ ಸರ್ಚುವಿನಲ್ಲಿ ಟೆಂಟ್. ತಲೆನೋವು, ವಾಂತಿ, ನಿದ್ದೆ ಇಲ್ಲ. ಸರ್ಚು ಬಗ್ಗೆ ಇನ್ನೇನೂ ಬರೆಯುವ ಆಸೆ ಇಲ್ಲ.

ನಾಲ್ಕನೇ ದಿನ, ತ್ಸೋ ಕರ್

ಗಾಟಾ ಲೂಪ್ಸ್‌ನ 21 ತಿರುವು ಹತ್ತಿ, ಪಾಂಗ್‌ನಲ್ಲಿ ಊಟ ಮಾಡಿ, ಮೋರೆ ಬಯಲು ಹಾದು ತ್ಸೋ ಕರ್ ಸರೋವರಕ್ಕೆ ಬಂದೆವು. ದೂರಕ್ಕೆ ಹಿಮ ಬಿದ್ದಂತೆ ಕಂಡದ್ದು ಹತ್ತಿರ ಹೋದರೆ ಉಪ್ಪು. ಈ ಸರೋವರಕ್ಕೆ ಹೊರಗೆ ಹರಿಯುವ ದಾರಿ ಇಲ್ಲ. ಬಂದ ನೀರು ಆವಿಯಾಗಿಯೇ ಹೋಗಬೇಕು, ಉಪ್ಪು ಇಲ್ಲೇ ಉಳಿಯುತ್ತದೆ. ಚಾಂಗ್ಪಾ ಕುರಿಗಾಹಿಗಳು ಹಿಂದೆ ಇಲ್ಲಿಂದ ಉಪ್ಪು ತುಂಬಿಕೊಂಡು ಮಾರಲು ಹೋಗುತ್ತಿದ್ದರು. ಕಾಡುಕತ್ತೆಗಳ ಒಂದು ಹಿಂಡು ಧೂಳೆಬ್ಬಿಸಿಕೊಂಡು ಓಡಿತು, ಕಪ್ಪು ಕತ್ತಿನ ಕೊಕ್ಕರೆಗಳ ಒಂದು ಜೋಡಿ ಜೌಗಿನಲ್ಲಿ ನಿಂತಿತ್ತು.

ಸಂಜೆ ಬಿಸಿಲು ಓರೆಯಾದಾಗ ಎದುರಿನ ಗುಡ್ಡದ ಮೇಲೆ ಗೆರೆಗಳು ಕಾಣತೊಡಗಿದವು. ಮಟ್ಟಸವಾಗಿ, ಒಂದರ ಮೇಲೊಂದು. ದನ ನಡೆದ ಜಾಡು ಅಂದುಕೊಂಡೆ. ಅಲ್ಲ, ಅವು ಹಳೆಯ ದಡಗಳು. ಸರೋವರದ ನೀರು ಒಂದು ಕಾಲದಲ್ಲಿ ಅಷ್ಟು ಎತ್ತರಕ್ಕೆ ನಿಂತಿತ್ತು, ಅಲೆ ಬಡಿದು ಬಡಿದು ಗುಡ್ಡದ ಮೈ ಮೇಲೆ ಗುರುತು ಬಿಟ್ಟಿತ್ತು. ಕೆಳಗಿನ ನೀರಿಗೂ ಮೇಲಿನ ಗೆರೆಗೂ ನಡುವೆ ಹಲವು ಮಹಡಿಗಳ ಕಟ್ಟಡವೇ ನಿಲ್ಲುವಷ್ಟು ಅಂತರ.

ಅಂದರೆ ಈ ಬೆಟ್ಟಗಳು ಹೀಗೇ ಇದ್ದಾಗಲೂ ಇಲ್ಲಿ ನೀರು ಹೆಚ್ಚಿದ್ದ ಕಾಲ ಇತ್ತು. ಎಲ್ಲ ಗೆರೆಗಳೂ ಒಂದೇ ಕಾಲದವಲ್ಲ. ಸುಮಾರು ಎಂಟು ಹತ್ತು ಸಾವಿರ ವರ್ಷಗಳ ಹಿಂದೆ, ಭೂಮಿಯ ಓಲಾಟದಿಂದಾಗಿ ಉತ್ತರಾರ್ಧಗೋಳಕ್ಕೆ ಬೇಸಿಗೆಯ ಬಿಸಿಲು ಹೆಚ್ಚು ಬೀಳುತ್ತಿತ್ತು, ಏಷ್ಯಾದ ಮುಂಗಾರೂ ಈಗಿಗಿಂತ ಜೋರಾಗಿತ್ತು. ಗೋಡೆ ಅಲ್ಲಾಡಲಿಲ್ಲ, ಗೋಡೆಗೆ ಬಂದು ಬಡಿಯುವ ಗಾಳಿ ಬದಲಾಯಿತು. ಈಗಲೂ ಆಗುತ್ತಿರುವುದು ಅಂಥದ್ದೇ. ಒಂದೇ ವ್ಯತ್ಯಾಸ, ಆಗ ಸಾವಿರಾರು ವರ್ಷ ಹಿಡಿದದ್ದು ಈಗ ಒಬ್ಬರ ಆಯುಷ್ಯದೊಳಗೇ ಕಾಣುತ್ತಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಹೆಚ್ಚು ನೀರಾವಿ ಹೊರಬಲ್ಲದು. ಹೊರಬಲ್ಲದು ಅಂದೆ, ಹೊತ್ತು ತಂದು ಸುರಿಸಿಯೇ ಬಿಡುತ್ತದೆ ಅಂದಿಲ್ಲ. ಅದೇ ಬಿಸಿ ಗಾಳಿ ನೆಲದಿಂದ ಜಾಸ್ತಿ ನೀರನ್ನು ಹೀರಲೂಬಲ್ಲದು.

ಐದನೇ ದಿನ, ಲೇಹ್

ತಾಂಗ್ಲಾಂಗ್ ಲಾ 5,328 ಮೀಟರ್. ಅಲ್ಲಿಂದ ರುಮ್ತ್ಸೆ, ಗ್ಯಾ, ಉಪ್ಶಿ. ಉಪ್ಶಿಯಲ್ಲಿ ಸಿಂಧೂ ನದಿ. ನೋಡಿದ ತಕ್ಷಣ ಇಷ್ಟೇನಾ ಅನಿಸಿತು, ಆಮೇಲೆ ನಾಚಿಕೆಯಾಯಿತು. ಸಂಜೆಗೆ ಲೇಹ್ ಸೇರಿ ಮಲಗಿದೆವು.

ಆರನೇ ದಿನ, ಮಣ್ಣಿನ ಮಾಡು

ನಾವು ಉಳಿದ ಮನೆಯ ಯಜಮಾನಿಗೆ ಎಪ್ಪತ್ತರ ಮೇಲೆ ವಯಸ್ಸು. ಡ್ರೈವರ್ ಅವರನ್ನು ಆಮಾ-ಲೇ ಅಂತ ಕರೆಯುತ್ತಿದ್ದ, ನಾವೂ ಹಾಗೇ ಕರೆದೆವು. ಬೆಳಿಗ್ಗೆ ಮಾಡಿನ ಮೇಲೆ ಏಪ್ರಿಕಾಟ್ ಒಣಹಾಕುತ್ತಿದ್ದರು, ಸಹಾಯ ಮಾಡಲು ಹತ್ತಿದೆವು.

ಲಡಾಖಿನ ಹಳೇ ಮನೆಗಳ ಮಾಡು ಚಪ್ಪಟೆ. ಪಾಪ್ಲರ್ ಮರದ ತೊಲೆ, ಅದರ ಮೇಲೆ ಒತ್ತೊತ್ತಾಗಿ ವಿಲೋ ಕಡ್ಡಿ, ಅದರ ಮೇಲೆ ಹುಲ್ಲು, ಮೇಲೆ ಮಣ್ಣು ಮೆತ್ತುವುದು. ಗೋಡೆಯೂ ಬಿಸಿಲಿಗೆ ಒಣಗಿಸಿದ ಮಣ್ಣಿನ ಇಟ್ಟಿಗೆ. ಹಿಮ ಬಿದ್ದರೆ ಸಲಿಕೆ ತಗೊಂಡು ಕೆಳಗೆ ತಳ್ಳಿದರೆ ಆಯಿತು. ವರ್ಷಕ್ಕೆ 100 ಮಿ.ಮೀ. ಬೀಳುವ ಊರಿನ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ, ಚಳಿಗೆ ಬೆಚ್ಚಗೆ, ಬಿಸಿಲಿಗೆ ತಂಪು.

ಆದರೆ ಮಾಡಿನ ಒಂದು ಮೂಲೆಯಲ್ಲಿ ನೀಲಿ ಟಾರ್ಪಾಲು ಮಡಚಿ ಇಟ್ಟು ಮೇಲೆ ಕಲ್ಲು ಹೇರಿದ್ದರು. ಇದೇಕೆ ಅಂದೆ. ಆಮಾ-ಲೇ ಹಿಂದಿಯಲ್ಲಿ ಹೇಳಿದ್ದು ಇಷ್ಟು: ಹಿಮ ಬಂದರೆ ನಮಗೆ ಖುಷಿ, ಮಳೆ ಬಂದರೆ ನಿದ್ದೆ ಇಲ್ಲ. ಎರಡು ದಿನ ಜಿಟಿಜಿಟಿ ಹಿಡಿದರೆ ಮಾಡಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಒಳಗೆ ಸೋರುತ್ತದೆ. ಚಿಕ್ಕವರಿದ್ದಾಗ ಟಾರ್ಪಾಲು ಅನ್ನುವ ಮಾತೇ ಕೇಳಿರಲಿಲ್ಲವಂತೆ.

ಭಾವ ನನ್ನ ಮುಖ ನೋಡಿದರು. ಮನಾಲಿಯ ಪ್ರಶ್ನೆ ಇಬ್ಬರಿಗೂ ನೆನಪಿತ್ತು.

2010ರ ಆಗಸ್ಟ್ 5ರ ರಾತ್ರಿ ಇಲ್ಲಿ ಆದದ್ದನ್ನು ಅವರು ಜಾಸ್ತಿ ಹೇಳಲಿಲ್ಲ. ಪಕ್ಕದ ಚೋಗ್ಲಾಮ್‌ಸರ್ ಕಡೆ ಕೈ ತೋರಿಸಿ ಸುಮ್ಮನಾದರು. ಆ ರಾತ್ರಿ ಮೇಘಸ್ಫೋಟವಾಗಿ ಬೆಟ್ಟದ ಮಣ್ಣೆಲ್ಲ ಕೆಸರಾಗಿ ಇಳಿದು ಲೇಹ್ ಸುತ್ತಮುತ್ತ 200ಕ್ಕೂ ಹೆಚ್ಚು ಜನ ಸತ್ತರು. ಲೇಹ್‌ನ ವಾಯುಪಡೆ ನೆಲೆಯ ಮಳೆಮಾಪಕದಲ್ಲಿ ಅಂದು ಸಿಕ್ಕ ಅಳತೆ 12.8 ಮಿ.ಮೀ. ಮಾತ್ರ! ನಮ್ಮ ಕಡೆ ಅಷ್ಟು ಮಳೆಗೆ ಯಾರೂ ಕೊಡೆಯನ್ನೂ ಬಿಚ್ಚುವುದಿಲ್ಲ. ಮಾಪಕ ಸುಳ್ಳು ಹೇಳಿರಲಿಲ್ಲ, ಮೋಡ ಮಾಪಕದ ಮೇಲೆ ಸುರಿದಿರಲಿಲ್ಲ ಅಷ್ಟೆ. ಪಕ್ಕದ ಕಣಿವೆಗಳಲ್ಲಿ ಪ್ರವಾಹ ಬಿಟ್ಟ ಗುರುತು ನೋಡಿ ಲೆಕ್ಕ ಹಾಕಿದವರಿಗೆ ಇದರ ಎಷ್ಟೋ ಪಟ್ಟು ಸಿಕ್ಕಿತು. ಟಿಬೆಟ್ ಪ್ರಸ್ಥಭೂಮಿಯ ಬಿಸಿಗೆ ಹುಟ್ಟಿದ ಗುಡುಗುಮೋಡಗಳು ಪಶ್ಚಿಮಕ್ಕೆ ತೇಲಿ ಬಂದಿದ್ದವು, ಅದೇ ಹೊತ್ತಿಗೆ ಮುಂಗಾರಿನ ತೇವವೂ ಬೆಟ್ಟ ದಾಟಿ ಮೇಲೆ ಬಂದಿತ್ತು.

ನೆಲದಲ್ಲಿ ಹುಲ್ಲಿಲ್ಲ, ಬೇರಿಲ್ಲ, ಹಿಡಿದುಕೊಳ್ಳುವಂಥದ್ದು ಏನೂ ಇಲ್ಲ. ಮಳೆ ಕಾಣದ ನೆಲಕ್ಕೆ ಮಳೆ ಕುಡಿಯುವ ಅಭ್ಯಾಸವೂ ಇರುವುದಿಲ್ಲ. ಆಂಡಿಸ್ ಬೆಟ್ಟಗಳ ಮಗ್ಗುಲಲ್ಲಿರುವ ಅಟಕಾಮಾ ಮರುಭೂಮಿಯಲ್ಲೂ 2015ರ ಮಾರ್ಚಿನಲ್ಲಿ ಹೀಗೇ ಆಯಿತು, ಜಗತ್ತಿನ ಅತಿ ಒಣ ಜಾಗಗಳಲ್ಲಿ ಒಂದು ಅಂತ ಹೆಸರಾದ ಕಡೆ ಊರುಗಳ ನಡುವೆ ಕೆಸರು ಹರಿಯಿತು. ಇಂಥ ಕಡೆಗಳಲ್ಲಿ ವರ್ಷದ ಸರಾಸರಿ ಅನ್ನುವ ಅಂಕಿಯೇ ನನಗೆ ಈಗ ಮೋಸ ಅನಿಸುತ್ತದೆ. ಬೀಳುವ ನೀರು ಅಷ್ಟೇ ಇದ್ದರೂ ಡಿಸೆಂಬರಿನಲ್ಲಿ ಹಿಮವಾಗಿ ಬಿದ್ದರೆ ಬೇರೆ, ಆಗಸ್ಟಿನಲ್ಲಿ ಅರ್ಧ ಗಂಟೆಯ ಮಳೆಯಾಗಿ ಬಿದ್ದರೆ ಬೇರೆ.

ಏಳನೇ ದಿನ, ಫ್ಯಾಂಗ್

ಐಸ್ ಸ್ತೂಪ, ಅಂದರೆ ಚಳಿಗಾಲದಲ್ಲಿ ನೀರನ್ನು ಹೆಪ್ಪುಗಟ್ಟಿಸಿ ನಿಲ್ಲಿಸುವ ಐಸಿನ ಗೋಪುರ, ನೋಡಬೇಕು ಅಂತ ಫ್ಯಾಂಗ್ ಹಳ್ಳಿಗೆ ಹೋದೆವು. ಆಗಸ್ಟಿನಲ್ಲಿ ಐಸ್ ಎಲ್ಲಿಂದ ಬರಬೇಕು? ಒಂದಿಷ್ಟು ಪೈಪು, ಒಣ ನೆಲ, ಅಷ್ಟೆ. ಅಕ್ಕ ಅದರ ಮುಂದೆಯೂ ಫೋಟೋ ತೆಗೆಸಿಕೊಂಡಳು.

ಆದರೂ ಆ ಖಾಲಿ ಜಾಗದಲ್ಲಿ ನಿಂತು ವಿಷಯ ಚೆನ್ನಾಗಿ ಅರ್ಥವಾಯಿತು. ಲಡಾಖಿಗೆ ಚಳಿಗಾಲದ ಹಿಮ ತರುವುದು ಮುಂಗಾರು ಅಲ್ಲ. ಅದು ಮೆಡಿಟರೇನಿಯನ್ ಕಡೆಯಿಂದ ಮೇಲಿನ ಗಾಳಿಯಲ್ಲಿ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುವ ವಾಯುಭಾರ ಕುಸಿತ. ಕೆಳಗಿನ ಇಳಿಜಾರುಗಳ ಹಿಮ ಬೇಗ ಕರಗಿ ಏಪ್ರಿಲ್, ಮೇನಲ್ಲಿ ಬಾರ್ಲಿ ಬಿತ್ತನೆಗೆ ನೀರಾಗಬೇಕು. ಮೇಲಿನ ಹಿಮನದಿಗಳು ಕರಗಲು ಶುರುವಾಗುವುದೇ ಜೂನಿನಲ್ಲಿ. ಚಳಿಗಾಲದಲ್ಲಿ ಹಿಮ ಕಡಿಮೆ ಬಿದ್ದರೆ, ಕೆಳಗಿನ ಪುಟ್ಟ ಹಿಮನದಿಗಳು ಮೇಲಕ್ಕೆ ಸರಿದರೆ, ಆ ಎರಡು ತಿಂಗಳು ಕಾಲುವೆಗೆ ನೀರಿಲ್ಲ. ಜುಲೈನಲ್ಲಿ ಹೊಳೆ ತುಂಬಿ ಹರಿದರೆ ಏನು ಪ್ರಯೋಜನ, ಬಿತ್ತುವ ಹದ ಮುಗಿದಿರುತ್ತದೆ.

ಈ ಎರಡು ತಿಂಗಳ ಕೊರತೆ ತುಂಬಲು ಲಡಾಖಿನ ಎಂಜಿನಿಯರ್ ಚೆವಾಂಗ್ ನಾರ್ಫೆಲ್ 1980ರ ದಶಕದಿಂದಲೇ ಹೊಳೆಯ ನೀರನ್ನು ನೆರಳಿನ ಕಡೆಗೆ ತಿರುಗಿಸಿ, ಚಳಿಗಾಲದಲ್ಲಿ ಪದರ ಪದರವಾಗಿ ಹೆಪ್ಪುಗಟ್ಟಿಸುತ್ತಿದ್ದರು. ಅಲ್ಲಿಯವರೇ ಆದ ಇನ್ನೊಬ್ಬ ಎಂಜಿನಿಯರ್ ಸೋನಂ ವಾಂಗ್ಚುಕ್ ಅದನ್ನೇ ನೆಟ್ಟಗೆ ನಿಲ್ಲಿಸಿದರು. ಮೇಲಿಂದ ಪೈಪಿನಲ್ಲಿ ಬರುವ ನೀರು ತನ್ನ ಒತ್ತಡಕ್ಕೇ ಚಿಮ್ಮಿ ಚಳಿಗೆ ಹೆಪ್ಪುಗಟ್ಟುತ್ತಾ ಗೋಪುರವಾಗುತ್ತದೆ. ಹರಡಿದ ಐಸಿಗಿಂತ ಗೋಪುರಕ್ಕೆ ಬಿಸಿಲು ತಾಗುವ ಮೈ ಕಡಿಮೆ, ಹಾಗಾಗಿ ನಿಧಾನ ಕರಗುತ್ತದೆ. ಪಂಪು ಬೇಡ, ಕರೆಂಟು ಬೇಡ. 2015ರಲ್ಲಿ ಇದೇ ಫ್ಯಾಂಗ್‌ನಲ್ಲಿ ಕಟ್ಟಿದ್ದು ಸುಮಾರು 20 ಮೀಟರ್ ಎತ್ತರ ಇತ್ತು.

ಹಳ್ಳಿಗಳಲ್ಲಿ ನೀರು ಹಂಚಲು ಚುರ್ಪೋನ್ ಅನ್ನುವ ಒಬ್ಬರು ಇರುತ್ತಾರೆ. ಇಂದು ಯಾರ ಹೊಲಕ್ಕೆ, ಎಷ್ಟು ಹೊತ್ತು, ಯಾವ ತೂಬು ತೆಗೆಯಬೇಕು, ಎಲ್ಲ ಅವರ ತೀರ್ಮಾನ. ಭಾವನಿಗೆ ಇದು ಹುಚ್ಚು ಹಿಡಿಸಿತು. ನಮ್ಮಲ್ಲಿ ಕೆರೆ ನೀರು ಬಿಡುವ ನೀರುಗಂಟಿಯ ಕೆಲಸವೇ ಅಲ್ವಾ ಇದು ಅಂತ ಲೇಹ್ ತಲುಪುವವರೆಗೂ ಅದೇ ಮಾತು.

ಎಲ್ಲ ಹಿಮನದಿಗಳೂ ಒಂದೇ ರೀತಿ ಕರಗುತ್ತಿಲ್ಲ ಅನ್ನುವುದನ್ನೂ ಹೇಳಬೇಕು. ಉತ್ತರದ ಕಾರಾಕೋರಂನಲ್ಲಿ ಕೆಲವು ಇದ್ದಲ್ಲೇ ಇದ್ದವು, ಕೆಲವು ಮುಂದೆ ಬಂದವೂ ಇವೆ. ಅಲ್ಲಿಗೆ ಚಳಿಗಾಲದ ಹಿಮ ಚೆನ್ನಾಗಿ ಬೀಳುವುದು ಇದಕ್ಕೆ ಒಂದು ಕಾರಣ. ಬೆಟ್ಟದ ನಾಡಿನಲ್ಲಿ ಒಂದು ಕಣಿವೆಯ ಕಥೆ ಪಕ್ಕದ ಕಣಿವೆಗೆ ಹೊಂದುವುದಿಲ್ಲ.

ಎಂಟನೇ ದಿನ, ಹಾನ್ಲೆ

ಲೇಹ್‌ನಿಂದ ಸಿಂಧೂ ನದಿಯ ಜೊತೆಗೇ ಮೇಲಕ್ಕೆ ಹೋಗಿ, ಚುಮಾಥಾಂಗ್, ಮಾಹೆ, ನ್ಯೋಮಾ ದಾಟಿ ಸಂಜೆ ಹಾನ್ಲೆ. ಇಲ್ಲಿನ ಗುಡ್ಡದ ಮೇಲೆ, 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ಅಗಲದ ಕನ್ನಡಿಯ ದೂರದರ್ಶಕ ಇದೆ. ಅದನ್ನು ನಡೆಸುವುದು ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಮೂಲಕ. ಮಳೆಯಿಲ್ಲದ ಕಾರಣಕ್ಕೇ ಈ ಜಾಗ ಆರಿಸಿದ್ದು, ಗಾಳಿಯಲ್ಲಿ ತೇವ ಇಲ್ಲದಿದ್ದರೆ ನಕ್ಷತ್ರದ ಬೆಳಕು ಕೆಡದೆ ಬರುತ್ತದೆ. 2022ರಿಂದ ಸುತ್ತಲಿನ ಪ್ರದೇಶವನ್ನು ಕತ್ತಲೆ ಕಾಪಾಡುವ ಮೀಸಲು ಜಾಗ ಮಾಡಿದ್ದಾರೆ. ಬೆಟ್ಟಗಳ ನೆರಳಿನಿಂದ ಲಾಭ ಪಡೆದವರು ಯಾರಾದರೂ ಇದ್ದರೆ ಅದು ಖಗೋಳ ವಿಜ್ಞಾನಿಗಳು.

ನಮ್ಮ ಗ್ರಹಚಾರ, ಆ ರಾತ್ರಿ ಮೋಡ. ಆಗಸ್ಟಿನಲ್ಲಿ ಇಲ್ಲಿಗೂ ಮುಂಗಾರಿನ ಮೋಡ ಬರುವುದುಂಟು, ಹಾಗಾಗಿ ನಕ್ಷತ್ರ ನೋಡುವವರು ಇನ್ನೊಂದು ತಿಂಗಳು ಬಿಟ್ಟು ಬರುತ್ತಾರೆ. ಅಷ್ಟು ದೂರ ಬಂದು ಕಂಡದ್ದು ಮೋಡದ ಸಂದಿಯಲ್ಲಿ ಒಂದು ಹಿಡಿ ನಕ್ಷತ್ರ. ಎಂಟರ ಹೊತ್ತಿಗೆ ಟಪ್ ಅಂತ ಸದ್ದು. ಭಾವ ಟಾರ್ಚ್ ಹಿಡಿದು ಜೀಪಿನ ಬಾನೆಟ್ಟಿನ ಧೂಳಿನಲ್ಲಿ ಬಿದ್ದ ಹನಿಗಳನ್ನು ಬೆರಳಿಟ್ಟು ಎಣಿಸಿದರು. ಹನ್ನೊಂದು. ಒಂದೊಂದೂ ನಾಲ್ಕಾಣೆ ನಾಣ್ಯದಷ್ಟು ದೊಡ್ಡದು.

ಅಷ್ಟರಲ್ಲಿ ಒಳಗೆ ಊಟ ಬಡಿಸುತ್ತಿದ್ದ ಮನೆಯಾತ ಸೌಟನ್ನು ಅಲ್ಲೇ ಬಿಟ್ಟು, ಏಣಿ ಹತ್ತಿ, ಮಾಡಿನ ಮೇಲೆ ಟಾರ್ಪಾಲು ಎಳೆಯತೊಡಗಿದ. ಗಾಳಿಗೆ ಅದು ಪಟಪಟ ಹಾರುತ್ತಿತ್ತು. ಭಾವ ಟಾರ್ಚನ್ನು ನನ್ನ ಕೈಗೆ ಕೊಟ್ಟು ಇನ್ನೊಂದು ತುದಿ ಹಿಡಿಯಲು ಏಣಿ ಹತ್ತಿದರು.